ಕಾಲು ತಾನಾಗಿ ಮಡಚಿಕೊಂಡರೆ ಅದು ಚೇತರಿಕೆಯ ಲಕ್ಷಣವೇ? ಬೆನ್ನುಹುರಿ ಸ್ವತಂತ್ರವಾಗಿ ಮಾಡುವ ಕೆಲಸಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಕುತೂಹಲಿ

ನಮ್ಮ ಚಿಕ್ಕಪ್ಪನವರು ಎತ್ತರದಿಂದ ಬಿದ್ದುದರಿಂದ ಅವರ ಬೆನ್ನುಮೂಳೆಯ ಎದೆಯ ಭಾಗದ 8ನೆಯ ಕಶೇರು ಮುರಿದು, ಅಲ್ಲಿ ಬೆನ್ನುಹುರಿಗೆ ತೀವ್ರವಾದ ಪೆಟ್ಟಾಗಿದೆ. ಹೊಕ್ಕುಳಿನಿಂದ ಕೆಳಗೆ ಅವರಿಗೆ ಸ್ಪರ್ಶವಾಗಲಿ ನೋವಾಗಲಿ ತಿಳಿಯುವುದಿಲ್ಲ. ಕಾಲುಗಳನ್ನು ಅಲುಗಿಸಲೂ ಆಗುವುದಿಲ್ಲ. ಮೊದಲ ಕೆಲವು ವಾರ ಎರಡೂ ಕಾಲುಗಳು ಸಂಪೂರ್ಣ ಸಡಿಲವಾಗಿದ್ದವು. ಮಂಡಿಯ ಕೆಳಗೆ ವೈದ್ಯರು ಸುತ್ತಿಗೆಯಿಂದ ತಟ್ಟಿದರೂ ಏನೂ ಆಗುತ್ತಿರಲಿಲ್ಲ.

ಆಮೇಲೆ ಒಂದು ದಿನ ವೈದ್ಯರು ಅವರ ಅಂಗಾಲಿನ ಹೊರ ಅಂಚಿನ ಉದ್ದಕ್ಕೂ ಹಿಮ್ಮಡಿಯಿಂದ ಬೆರಳುಗಳ ಕಡೆಗೆ ಸುತ್ತಿಗೆಯ ಹಿಡಿಯ ತುದಿಯಿಂದ ಗೀರಿದಾಗ, ಹೆಬ್ಬೆರಳು ಮೇಲಕ್ಕೆ ಎದ್ದು, ಪಾದ, ಮಂಡಿ, ಸೊಂಟ ಮೂರೂ ಮಡಚಿಕೊಂಡು ಇಡೀ ಕಾಲು ಹಾಸಿಗೆಯ ಮೇಲೆ ಸರ್ರನೆ ಹಿಂದಕ್ಕೆ ಸರಿಯಿತು. ನಾವೆಲ್ಲರೂ ಕಾಲಿಗೆ ಜೀವ ಬಂತೆಂದು ಸಂತೋಷಪಟ್ಟೆವು. ಆದರೆ ಚಿಕ್ಕಪ್ಪನವರಿಗೆ ಗೀರಿದ್ದೂ ತಿಳಿದಿರಲಿಲ್ಲ, ಕಾಲು ಮಡಚಿದ್ದೂ ಕಣ್ಣಿನಿಂದ ನೋಡಿದ ಮೇಲೆಯೇ ತಿಳಿಯಿತು. ವೈದ್ಯರು, "ಇದು ಬೆನ್ನುಹುರಿಯ ಸ್ವಂತ ಕೆಲಸ, ಮಿದುಳಿನ ಜೊತೆ ಸಂಪರ್ಕ ಮರಳಿ ಬಂದಿದೆ ಎಂದು ಇದರಿಂದ ಹೇಳಲಾಗದು" ಎಂದರು.

ಶಾಲೆಯಲ್ಲಿ ನಾವು ಓದಿದ ಪ್ರಕಾರ ಬೆನ್ನುಹುರಿಯೆಂದರೆ ಮಿದುಳಿನ ಸಂದೇಶಗಳನ್ನು ಅಂಗಾಂಗಗಳಿಗೂ, ಅಂಗಾಂಗಗಳ ಸಂದೇಶಗಳನ್ನು ಮಿದುಳಿಗೂ ಒಯ್ಯುವ ತಂತಿ. ತಂತಿಯೊಂದು ನಡುವೆ ತುಂಡಾದ ಮೇಲೆ ಅದರ ಕೆಳಗಿನ ಭಾಗ ಕೆಲಸ ಮಾಡುವುದೆಂದರೇನು? ಮೊದಲು ಇಲ್ಲದಿದ್ದ ಪ್ರತಿಕ್ರಿಯೆ ವಾರಗಳ ನಂತರ ಏಕೆ ಬಂತು, ಅದೂ ಅಷ್ಟೊಂದು ಬಲವಾಗಿ? ತಿಳಿದವರು ವಿವರಿಸಬೇಕೆಂದು ವಿನಂತಿ.

ಉತ್ತರ: ಶರೀರಕ್ರಿಯಾ ಬೋಧಕ

ನಿಮ್ಮ ವೈದ್ಯರು ಹೇಳಿದ್ದು ಸರಿಯಾಗಿದೆ. ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾ ವಿಜ್ಞಾನವನ್ನು ಬೋಧಿಸುವವನು; ತಂತಿಯ ಹೋಲಿಕೆಯನ್ನು ಕಲಿತು ಬಂದವರಿಗೆ ಅದನ್ನು ಬಿಡಿಸುವುದೇ ಮೊದಲ ತರಗತಿಯ ಕೆಲಸವಾಗಿರುತ್ತದೆ. ಆ ಹೋಲಿಕೆಯು ಬೆನ್ನುಹುರಿಯ ಅರ್ಧ ಭಾಗಕ್ಕೆ ಮಾತ್ರ ಹೊಂದುತ್ತದೆ.

ವಯಸ್ಕರ ಬೆನ್ನುಹುರಿ ಸುಮಾರು 42ರಿಂದ 45 ಸೆಂ.ಮೀ. ಉದ್ದವಿರುತ್ತದೆ. ಅದನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಹೊರಗೆ ಬಿಳಿಯ ಭಾಗ, ಒಳಗೆ ಚಿಟ್ಟೆಯಾಕಾರದ ಬೂದು ಭಾಗ ಕಾಣುತ್ತದೆ. ಹೊರಗಿನ ಬಿಳಿ ಭಾಗದಲ್ಲಿ ಇರುವುದು ಮೈಲಿನ್ ಎಂಬ ಕೊಬ್ಬಿನ ಹೊದಿಕೆಯುಳ್ಳ ಉದ್ದುದ್ದನೆಯ ನರತಂತುಗಳು. ಮೇಲಕ್ಕೂ ಕೆಳಕ್ಕೂ ಸಂದೇಶ ಒಯ್ಯುವ ಈ ಭಾಗವನ್ನು ಬೇಕಿದ್ದರೆ ನೀವು ತಂತಿ ಎನ್ನಬಹುದು. ಒಳಗಿನ ಬೂದು ಭಾಗ ಹಾಗಲ್ಲ. ಅಲ್ಲಿರುವುದು ನರಕೋಶಗಳು, ಅಂದರೆ ಬಂದ ಸಂಕೇತಗಳನ್ನು ಕೂಡಿಸಿ, ಕಳೆದು, ಮುಂದಕ್ಕೆ ಕಳುಹಿಸಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ಜೀವಕೋಶಗಳು. ಮಿದುಳಿನ ಹೊರಪದರದಲ್ಲಿ ಇರುವುದೂ ಇಂತಹ ಬೂದು ದ್ರವ್ಯವೇ.

ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಕುತ್ತಿಗೆಯಲ್ಲಿ 8, ಎದೆಯಲ್ಲಿ 12, ಸೊಂಟದಲ್ಲಿ 5, ಸೊಂಟದ ಕೆಳಗಿನ ಮೂಳೆಯಾದ ತ್ರಿಕಾಸ್ಥಿಯಲ್ಲಿ 5, ಕೊನೆಯಲ್ಲಿ ಒಂದು. ಪ್ರತಿಯೊಂದು ನರಕ್ಕೂ ಎರಡು ಬೇರುಗಳಿವೆ. ಹಿಂಬೇರಿನ ಮೂಲಕ ಸಂವೇದನೆಗಳು ಒಳಗೆ ಬರುತ್ತವೆ, ಮುಂಬೇರಿನ ಮೂಲಕ ಸ್ನಾಯುಗಳಿಗೆ ಆಜ್ಞೆ ಹೊರಗೆ ಹೋಗುತ್ತದೆ. ಮುಂಬೇರನ್ನು ಕೆಣಕಿದರೆ ಸ್ನಾಯು ಸೆಟೆಯುತ್ತದೆ ಎಂಬುದನ್ನು 1811ರಲ್ಲಿ ಚಾರ್ಲ್ಸ್ ಬೆಲ್ ಬರೆದರು. ಎರಡು ಬೇರುಗಳ ಕೆಲಸವನ್ನು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿದವರು 1822ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ಮಜಾಂದಿ. ಈ ಶೋಧದ ಶ್ರೇಯಸ್ಸು ಯಾರಿಗೆ ಸೇರಬೇಕೆಂದು ಅವರಿಬ್ಬರ ಪಕ್ಷದವರೂ ಬಹಳ ಕಾಲ ಜಗಳವಾಡಿದರು. ಕೊನೆಗೆ ನಿಯಮಕ್ಕೆ ಇಬ್ಬರ ಹೆಸರೂ ಉಳಿಯಿತು.

ಈಗ ನಿಮ್ಮ ಚಿಕ್ಕಪ್ಪನವರ ಅಂಗಾಲಿಗೆ ಬರೋಣ. ಗೀರಿದಾಗ ಅಂಗಾಲಿನ ಚರ್ಮದ ನರತುದಿಗಳು ಉದ್ರೇಕಗೊಂಡವು. ಆ ಸಂಕೇತವು ಕಾಲಿನ ಹಿಂಭಾಗದಲ್ಲಿ ಸಾಗುವ ಸಯಾಟಿಕ್ ನರದ ಮೂಲಕ ಮೇಲೇರಿ, ಹಿಂಬೇರಿನಿಂದ ಬೆನ್ನುಹುರಿಯ ಕೆಳಭಾಗವನ್ನು ಹೊಕ್ಕಿತು. ಅಲ್ಲಿ ಅದು ಒಂದೇ ನರಕೋಶಕ್ಕೆ ತಲುಪಿ ಮುಗಿಯಲಿಲ್ಲ. ನಡುವಿನ ಸಂಬಂಧಕ ನರಕೋಶಗಳು ಅದನ್ನು ಪಡೆದು, ಮೇಲೆ ಕೆಳಗೆ ಹಲವು ಖಂಡಗಳಿಗೆ (ಒಂದೊಂದು ಜೊತೆ ನರ ಹೊರಡುವ ಬೆನ್ನುಹುರಿಯ ಭಾಗಗಳಿಗೆ) ಹಂಚಿ, ಸೊಂಟ, ಮಂಡಿ, ಪಾದಗಳನ್ನು ಮಡಚುವ ಸ್ನಾಯುಗಳಿಗೆ ಆಜ್ಞೆ ಕಳುಹಿಸುವ ಮೋಟಾರ್ ನರಕೋಶಗಳನ್ನು ಒಟ್ಟಿಗೆ ಎಬ್ಬಿಸಿದವು. ಅದೇ ಗಳಿಗೆಯಲ್ಲಿ ಕಾಲನ್ನು ಚಾಚುವ ಸ್ನಾಯುಗಳನ್ನು ಸುಮ್ಮನಿರಿಸಿದವು. ಎದುರು ಸ್ನಾಯುಗಳನ್ನು ಸುಮ್ಮನಿರಿಸುವ ಈ ವ್ಯವಸ್ಥೆ ಇಲ್ಲದಿದ್ದರೆ ಎರಡು ಗುಂಪುಗಳೂ ಒಟ್ಟಿಗೆ ಬಿಗಿದು ಕಾಲು ಮರಗಟ್ಟಿದಂತೆ ನಿಲ್ಲುತ್ತಿತ್ತು. ಚಾರ್ಲ್ಸ್ ಶೆರಿಂಗ್ಟನ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅವರಿಗೆ 1932ರಲ್ಲಿ ಎಡ್ಗರ್ ಏಡ್ರಿಯನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂದದ್ದು ನರಕೋಶಗಳ ಕಾರ್ಯಗಳ ಬಗೆಗಿನ ಶೋಧಗಳಿಗಾಗಿ. ಪಠ್ಯಪುಸ್ತಕಗಳಲ್ಲಿ ಪರಾವರ್ತಿತ ಪ್ರತಿಕ್ರಿಯೆ ಎಂದು ಕರೆಯುವ ಈ ರಿಫ್ಲೆಕ್ಸ್‌ನ ಪೂರ್ಣ ಸುತ್ತು ಅಂಗಾಲಿನಿಂದ ಹೊರಟು ಬೆನ್ನುಹುರಿಯ ಕೆಳಗಿನ ಕೆಲವು ಸೆಂಟಿಮೀಟರಿನಲ್ಲಿ ತಿರುಗಿ ಕಾಲಿನಲ್ಲೇ ಮುಗಿಯುತ್ತದೆ. ಮಿದುಳು ಈ ದಾರಿಯಲ್ಲಿ ಎಲ್ಲಿಯೂ ಇಲ್ಲ.

ಆರೋಗ್ಯವಂತರಲ್ಲಿ ಇದೇ ಸಂಕೇತದ ಇನ್ನೊಂದು ಕವಲು ಮಿದುಳಿನತ್ತ ಸಾಗುತ್ತದೆ. ನೋವಿನ ಸುದ್ದಿ ಬೆನ್ನುಹುರಿಯಲ್ಲೇ ಎದುರು ಪಾರ್ಶ್ವಕ್ಕೆ ದಾಟಿ ಮಿದುಳಿನ ನಡುವಿನ ಥಲಾಮಸ್ ಎಂಬ ಭಾಗವನ್ನು ತಲುಪಿ, ಅಲ್ಲಿಂದ ಮಿದುಳಿನ ಹೊರಪದರಕ್ಕೆ ಹೋದಾಗ ನಮಗೆ ನೋವೆಂಬ ಅರಿವಾಗುತ್ತದೆ. ಅದು ದೂರದ ದಾರಿ, ನಡುವೆ ನಿಲ್ದಾಣಗಳೂ ಹೆಚ್ಚು. ಸಾಲದ್ದಕ್ಕೆ ನೋವಿನ ತಂತುಗಳೇ ನಿಧಾನಿಗಳು. ಚುಚ್ಚಿದಂತಹ ಮೊದಲ ನೋವನ್ನು ತರುವ ತೆಳು ಮೈಲಿನ್‌ನ ತಂತುಗಳು ಸೆಕೆಂಡಿಗೆ 5ರಿಂದ 30 ಮೀಟರ್ ಸಾಗುತ್ತವೆ. ಉರಿಯುವ, ಉಳಿದುಕೊಳ್ಳುವ ನೋವನ್ನು ತರುವ ಮೈಲಿನ್ ಇಲ್ಲದ ತಂತುಗಳ ವೇಗ ಸೆಕೆಂಡಿಗೆ ಅರ್ಧದಿಂದ 2 ಮೀಟರ್ ಮಾತ್ರ. ಕಾಲ್ಬೆರಳನ್ನು ಎಡವಿದಾಗ ಮೊದಲು ಒಂದು ಚುಚ್ಚು, ಸ್ವಲ್ಪ ತಡೆದು ಉರಿಯ ಅಲೆ, ಹೀಗೆ ಎರಡು ಕಂತಿನಲ್ಲಿ ನೋವು ಬರುವುದು ಇದರಿಂದಲೇ. ನಿಮ್ಮ ಚಿಕ್ಕಪ್ಪನವರಲ್ಲಿ ಮೇಲಕ್ಕೆ ಹೋಗುವ ಈ ಕವಲು ಪೆಟ್ಟಾದ ಜಾಗದಲ್ಲಿ ಕಡಿದಿದೆ. ಹಾಗಾಗಿ ಅವರಿಗೆ ಏನೂ ತಿಳಿಯಲಿಲ್ಲ.

ಕೆಳಗಿನ ಭಾಗ ಹೇಗೆ ಉಳಿಯಿತು ಎಂಬುದಕ್ಕೆ ಅಂಗರಚನೆಯ ಒಂದು ವಿಚಿತ್ರವನ್ನು ತಿಳಿಯಬೇಕು. ಬೆಳವಣಿಗೆಯಲ್ಲಿ ಬೆನ್ನುಮೂಳೆ ಬೆನ್ನುಹುರಿಗಿಂತ ಹೆಚ್ಚು ಉದ್ದವಾಗುತ್ತದೆ. ನವಜಾತ ಶಿಶುವಿನಲ್ಲಿ ಸೊಂಟದ 3ನೆಯ ಕಶೇರುವಿನ ಹತ್ತಿರ ಮುಗಿಯುವ ಬೆನ್ನುಹುರಿ, ವಯಸ್ಕರಲ್ಲಿ ಸೊಂಟದ 1 ಮತ್ತು 2ನೆಯ ಕಶೇರುಗಳ ನಡುವೆಯೇ ಮುಗಿಯುತ್ತದೆ. ಆದ್ದರಿಂದ ಕಾಲುಗಳನ್ನು ನೋಡಿಕೊಳ್ಳುವ ಖಂಡಗಳು ಸೊಂಟದಲ್ಲಿ ಇಲ್ಲ; ಅವು ಎದೆಯ 10ನೆಯ ಕಶೇರುವಿನಿಂದ ಸೊಂಟದ 1ನೆಯ ಕಶೇರುವಿನವರೆಗಿನ ಸಣ್ಣ ಜಾಗದಲ್ಲಿ ಒತ್ತಾಗಿ ಕುಳಿತಿವೆ. ಎದೆಯ 8ನೆಯ ಕಶೇರುವಿನ ಪೆಟ್ಟು ಇವುಗಳಿಗಿಂತ ಮೇಲಿದೆ. ಕಾಲಿನ ಖಂಡಗಳು ತಮ್ಮ ನರಕೋಶ, ಹಿಂಬೇರು, ಮುಂಬೇರುಗಳ ಸಮೇತ ಇಡಿಯಾಗಿ ಉಳಿದಿವೆ, ಮಿದುಳಿನ ಸಂಪರ್ಕವೊಂದನ್ನು ಬಿಟ್ಟು.

ಇನ್ನು, ಮೊದಲು ಇಲ್ಲದ್ದು ಆಮೇಲೆ ಏಕೆ ಬಂತು? ಪೆಟ್ಟಾದ ತಕ್ಷಣ ಕೆಳಗಿನ ಖಂಡಗಳು ಸ್ತಬ್ಧವಾಗುವ ಸ್ಥಿತಿಗೆ ಸ್ಪೈನಲ್ ಶಾಕ್ ಎನ್ನುತ್ತಾರೆ. ಮಿದುಳಿನಿಂದ ಸದಾ ಇಳಿದು ಬರುತ್ತಿದ್ದ ಸಂಕೇತಗಳ ಆಸರೆ ಒಮ್ಮೆಗೇ ತಪ್ಪಿದಾಗ ಅಲ್ಲಿನ ನರಕೋಶಗಳು ಪ್ರತಿಕ್ರಿಯಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ. ದಿನಗಳು, ವಾರಗಳು ಕಳೆದಂತೆ ಮೋಟಾರ್ ನರಕೋಶಗಳು ತಾವಾಗಿ ಹೆಚ್ಚು ಉದ್ರೇಕಶೀಲವಾಗುತ್ತವೆ. ಮೇಲಿನ ತಂತುಗಳು ನಶಿಸಿ ತೆರವಾದ ಸಿನಾಪ್ಸ್ (ಒಂದು ನರಕೋಶ ಇನ್ನೊಂದಕ್ಕೆ ಸಂಕೇತ ದಾಟಿಸುವ ಕೂಡು) ತಾಣಗಳಿಗೆ ಅಕ್ಕಪಕ್ಕದ ಸ್ಥಳೀಯ ತಂತುಗಳು ಕವಲೊಡೆದು ಬಂದು ಸೇರುತ್ತವೆ. ಆಗ ರಿಫ್ಲೆಕ್ಸ್‌ಗಳು ಮರಳುತ್ತವೆ, ಆದರೆ ಅವುಗಳನ್ನು ತಡೆಹಿಡಿಯುತ್ತಿದ್ದ ಮಿದುಳು ಈಗ ಇಲ್ಲ. ನೀವು ಕಂಡ ಬಲ ಈ ತಡೆ ತಪ್ಪಿದ ಬಲ.

ಹೆಬ್ಬೆರಳು ಮೇಲೆದ್ದ ವಿಚಾರವೂ ಇದಕ್ಕೇ ಸೇರಿದ್ದು. 1896ರಲ್ಲಿ ಪ್ಯಾರಿಸ್ಸಿನ ಜೋಸೆಫ್ ಬಾಬಿನ್‌ಸ್ಕಿ ವಿವರಿಸಿದ ಚಿಹ್ನೆ ಅದು. ಆರೋಗ್ಯವಂತ ವಯಸ್ಕರಲ್ಲಿ ಅಂಗಾಲನ್ನು ಗೀರಿದರೆ ಬೆರಳುಗಳು ಕೆಳಕ್ಕೆ ಬಾಗುತ್ತವೆ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಮುಖ್ಯ ಕ್ರಿಯಾವಾಹಿ ಮಾರ್ಗಕ್ಕೆ ಹಾನಿಯಾದಾಗ ಹೆಬ್ಬೆರಳು ಮೇಲಕ್ಕೆ ಏಳುತ್ತದೆ. ಎಳೆಯ ಕೂಸುಗಳಲ್ಲಿಯೂ ಅದು ಮೇಲಕ್ಕೇ ಏಳುತ್ತದೆ, ಏಕೆಂದರೆ ಆ ಮಾರ್ಗಕ್ಕೆ ಇನ್ನೂ ಮೈಲಿನ್ ಪೂರ್ತಿಯಾಗಿ ಬಂದಿರುವುದಿಲ್ಲ.

ಉತ್ತರ: ಫಿಸಿಯೋ ಅಭ್ಯಾಸಿ

ಮೇಲಿನ ವಿವರಣೆಗೆ ಹಾಸಿಗೆಯ ಪಕ್ಕದಲ್ಲಿ ನಿಂತು ಕೆಲಸ ಮಾಡುವವಳಾಗಿ ನಾನು ಕೆಲವು ಮಾತುಗಳನ್ನು ಸೇರಿಸಬಯಸುತ್ತೇನೆ. ಕಾಲು ಮಡಚಿಕೊಂಡುದನ್ನು ಮನೆಯವರು ಚೇತರಿಕೆ ಎಂದು ಭಾವಿಸುವುದು ತೀರಾ ಸಾಮಾನ್ಯ. ಬೇಸರದ ಸಂಗತಿಯೆಂದರೆ ಅನೇಕ ಕಡೆ ಅದನ್ನು ತಿಳಿಸಿ ಹೇಳುವಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ. ನಿಮ್ಮ ವೈದ್ಯರು ಹೇಳಿದ್ದು ಒಳ್ಳೆಯದಾಯಿತು.

ಬೆನ್ನುಹುರಿಯ ಹಾನಿ ಸಂಪೂರ್ಣವೋ ಅಪೂರ್ಣವೋ ಎಂಬುದನ್ನು ನಾವು ರಿಫ್ಲೆಕ್ಸ್‌ಗಳಿಂದ ನಿರ್ಧರಿಸುವುದಿಲ್ಲ. ತ್ರಿಕಾಸ್ಥಿಯ 4 ಮತ್ತು 5ನೆಯ ಖಂಡಗಳನ್ನು, ಅಂದರೆ ಬೆನ್ನುಹುರಿಯ ಬಹುತೇಕ ಕೊನೆಯ ಖಂಡಗಳನ್ನು ಪರೀಕ್ಷಿಸುತ್ತೇವೆ. ಗುದದ್ವಾರದ ಸುತ್ತಲಿನ ಚರ್ಮದಲ್ಲಿ ಸ್ಪರ್ಶ ತಿಳಿಯುತ್ತದೆಯೇ, ಅಲ್ಲಿನ ಒತ್ತಡ ರೋಗಿಗೆ ಗೊತ್ತಾಗುತ್ತದೆಯೇ, ಹೇಳಿದಾಗ ಅಲ್ಲಿನ ಸ್ನಾಯುವನ್ನು ಬಿಗಿಹಿಡಿಯಬಲ್ಲರೇ ಎಂದು ನೋಡುತ್ತೇವೆ. ಇವುಗಳಲ್ಲಿ ಒಂದಾದರೂ ಇದ್ದರೆ ಪೆಟ್ಟಾದ ಜಾಗವನ್ನು ದಾಟಿ ಕೆಲವು ತಂತುಗಳಾದರೂ ಉಳಿದಿವೆ ಎಂದರ್ಥ. ಈ ಪರೀಕ್ಷೆಯ ಫಲಿತಾಂಶವೇನೆಂದು ನೀವು ಸಂಕೋಚವಿಲ್ಲದೆ ವೈದ್ಯರನ್ನು ಕೇಳಬಹುದು. ಮುಂದಿನ ನಿರೀಕ್ಷೆಯ ವಿಷಯದಲ್ಲಿ ಇದಕ್ಕಿರುವ ಬೆಲೆ ಕಾಲು ಮಡಚುವುದಕ್ಕೆ ಇಲ್ಲ.

ಇನ್ನೊಂದು ಮಾತು. ಈ ಮಡಚುವಿಕೆ ಮತ್ತು ಸೆಳೆತ ನಿಮಗೆ ಎಚ್ಚರಿಕೆಯ ಗಂಟೆಯೂ ಹೌದು. ಅವರಿಗೆ ನೋವು ತಿಳಿಯುವುದಿಲ್ಲ, ಆದರೆ ಕೆಳಗಿನ ಬೆನ್ನುಹುರಿಗೆ ಅದರ ಸಂಕೇತ ಬರುತ್ತಲೇ ಇರುತ್ತದೆ. ಮೂತ್ರಕೋಶ ತುಂಬಿದ್ದರೆ, ಮೂತ್ರದ ಸೋಂಕಾಗಿದ್ದರೆ, ಮಲಬದ್ಧತೆಯಿದ್ದರೆ, ಹಾಸಿಗೆ ಹುಣ್ಣು ಶುರುವಾಗುತ್ತಿದ್ದರೆ, ಕಾಲ್ಬೆರಳಿನ ಉಗುರು ಮಾಂಸದೊಳಗೆ ಬೆಳೆದಿದ್ದರೆ ಸೆಳೆತ ಇದ್ದಕ್ಕಿದ್ದಂತೆ ಹೆಚ್ಚುತ್ತದೆ. ಸೆಳೆತ ಹೆಚ್ಚಾದ ದಿನ ಮಾತ್ರೆಯನ್ನು ಹೆಚ್ಚಿಸುವ ಮೊದಲು ಮೈಯನ್ನೆಲ್ಲ ಪರೀಕ್ಷಿಸಿ. ಎದೆಯ 6ನೆಯ ಖಂಡ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಇಂತಹ ಪ್ರಚೋದನೆಗಳಿಂದ ರಕ್ತದೊತ್ತಡ ಅಪಾಯಕಾರಿಯಾಗಿ ಏರುವ ಸಾಧ್ಯತೆಯಿದೆ. ನಿಮ್ಮ ಚಿಕ್ಕಪ್ಪನವರ ಪೆಟ್ಟು ಅದಕ್ಕಿಂತ ಕೆಳಗಿರುವುದರಿಂದ ಆ ಭಯ ಕಡಿಮೆ.

ಪ್ರತಿಕ್ರಿಯೆ: ಕುತೂಹಲಿ

ಇಬ್ಬರಿಗೂ ಕೃತಜ್ಞತೆಗಳು. ಕೊನೆಯ ಖಂಡಗಳ ಪರೀಕ್ಷೆಯ ಬಗ್ಗೆ ನಮಗೆ ಏನೂ ಗೊತ್ತಿರಲಿಲ್ಲ. ಮುಂದಿನ ಭೇಟಿಯಲ್ಲಿ ಖಂಡಿತ ಕೇಳುತ್ತೇವೆ.

ಓದುತ್ತಿದ್ದಂತೆ ಎರಡು ಸಂದೇಹಗಳು ಹುಟ್ಟಿದವು. ಹಿಂದೆಗೆಯುವ ಆಜ್ಞೆ ಬೆನ್ನುಹುರಿಯದೇ ಆಗಿದ್ದರೆ, ಬಿಸಿ ಪಾತ್ರೆಯನ್ನು ಕೆಳಗೆ ಬೀಳಿಸದೆ ಹಲ್ಲುಕಚ್ಚಿ ಒಯ್ದು ಇಡಲು ನಮಗೆ ಸಾಧ್ಯವಾಗುವುದು ಹೇಗೆ? ಎರಡನೆಯದು, ನನ್ನ ಸ್ನೇಹಿತನೊಬ್ಬನ ಮಣಿಕಟ್ಟಿನ ನರ ಗಾಜಿನಿಂದ ಕತ್ತರಿಸಿ ಹೋಗಿ, ಹೊಲಿಗೆ ಹಾಕಿದ ಮೇಲೆ ತಿಂಗಳುಗಳಲ್ಲಿ ಬೆರಳುಗಳಿಗೆ ಸ್ಪರ್ಶ ಮರಳಿ ಬಂತು. ಅದೂ ನರ, ಇದೂ ನರ. ಬೆನ್ನುಹುರಿಯನ್ನು ಮಾತ್ರ ಹಾಗೆ ಸರಿಪಡಿಸಲು ಏಕೆ ಆಗುವುದಿಲ್ಲ?

ಉತ್ತರ: ಶರೀರಕ್ರಿಯಾ ಬೋಧಕ

ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ. ಎರಡನೆಯದಕ್ಕೆ ನರಗಳ ಪುನರ್ಬೆಳವಣಿಗೆಯ ಬಗ್ಗೆ ಕೆಲಸ ಮಾಡುವವರೊಬ್ಬರು ಈ ವೇದಿಕೆಯಲ್ಲಿ ಇದ್ದಾರೆ.

ಬಿಸಿ ಪಾತ್ರೆಯ ಉದಾಹರಣೆಯನ್ನು ನೀವು ಚೆನ್ನಾಗಿ ಆರಿಸಿದಿರಿ. ಪಾತ್ರೆಯನ್ನು ಎತ್ತುವ ಮೊದಲೇ ಅದು ಬಿಸಿಯಿದೆ ಎಂದು ನಿಮಗೆ ಗೊತ್ತಿದ್ದರೆ ಹಿಡಿದುಕೊಳ್ಳುತ್ತೀರಿ. ಗೊತ್ತಿಲ್ಲದೆ ಮುಟ್ಟಿದರೆ ಕೈ ತಾನಾಗಿ ಹಿಂದೆ ಬರುತ್ತದೆ. ಚರ್ಮದಿಂದ ಬರುವ ಸಂಕೇತ ಎರಡೂ ಸಲ ಒಂದೇ. ಬೇರೆಯಾಗಿರುವುದು ಬೆನ್ನುಹುರಿಯ ಸಂಬಂಧಕ ನರಕೋಶಗಳ ಸಿದ್ಧತೆ. ಮಿದುಳಿನ ಹೊರಪದರದಿಂದಲೂ ಮಿದುಳುಕಾಂಡದಿಂದಲೂ ಇಳಿಯುವ ತಂತುಗಳು ಈ ನರಕೋಶಗಳ ಮೇಲೆ ಬಂದು ಕೂಡುತ್ತವೆ; ಅವು ಮುಂಚಿತವಾಗಿಯೇ ರಿಫ್ಲೆಕ್ಸ್ ದಾರಿಯನ್ನು ಬಿಗಿ ಮಾಡಬಲ್ಲವು ಅಥವಾ ಸಡಿಲ ಬಿಡಬಲ್ಲವು. ನೋವಿನ ಸಂಕೇತ ಬೆನ್ನುಹುರಿಯ ಬಾಗಿಲಲ್ಲೇ ಹೆಚ್ಚು ಕಡಿಮೆಯಾಗಬಲ್ಲದು ಎಂಬ ವಾದವನ್ನು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮುಂದಿಟ್ಟರು. ಅವರು ಚಿತ್ರಿಸಿದ ಸರ್ಕ್ಯೂಟ್‌ನ ವಿವರಗಳು ಎಲ್ಲವೂ ನಿಲ್ಲಲಿಲ್ಲ, ಆದರೆ ಮೂಲ ವಿಚಾರ ನಿಂತಿತು. ನಾಲ್ಕು ವರ್ಷಗಳ ನಂತರ, ಇಲಿಯ ನಡುಮಿದುಳಿನ ಒಂದು ನಿರ್ದಿಷ್ಟ ಭಾಗಕ್ಕೆ ವಿದ್ಯುತ್ ಪ್ರಚೋದನೆ ನೀಡಿ, ಅರಿವಳಿಕೆಯಿಲ್ಲದೆಯೇ ಅದಕ್ಕೆ ಶಸ್ತ್ರಕ್ರಿಯೆ ಮಾಡಬಹುದೆಂದು ಡೇವಿಡ್ ರೆನಾಲ್ಡ್ಸ್ ತೋರಿಸಿದರು. ಮೇಲಿನಿಂದ ಕೆಳಕ್ಕೆ ನೋವನ್ನು ಅದುಮುವ ಮಾರ್ಗವಿದೆ ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷ್ಯ ಬೇಕಿರಲಿಲ್ಲ.

ಮಿದುಳಿನ ಈ ಪ್ರಭಾವವನ್ನು ನೀವೇ ನೋಡಬಹುದು. ಒಬ್ಬರನ್ನು ಎತ್ತರದ ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವನ್ನು ಅಂಗೈಯ ಅಂಚಿನಿಂದ ತಟ್ಟಿ. ಕಾಲು ಸ್ವಲ್ಪ ಮುಂದಕ್ಕೆ ಚಿಮ್ಮುತ್ತದೆ. ಈಗ ಎರಡೂ ಕೈಗಳ ಬೆರಳುಗಳನ್ನು ಕೊಕ್ಕೆಯಂತೆ ಒಂದಕ್ಕೊಂದು ಸಿಕ್ಕಿಸಿ ಬಲವಾಗಿ ಎಳೆಯಲು ಹೇಳಿ, ಎಳೆಯುತ್ತಿರುವಾಗಲೇ ಮತ್ತೆ ತಟ್ಟಿ. ಕಾಲು ಹೆಚ್ಚು ಜೋರಾಗಿ ಚಿಮ್ಮುವುದು ಎದ್ದು ಕಾಣುತ್ತದೆ. ಹಂಗೇರಿಯ ವೈದ್ಯ ಯೆಂಡ್ರಾಸಿಕ್ 1885ರಲ್ಲಿ ತಿಳಿಸಿದ ಈ ಉಪಾಯವನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಮಂಡಿಯ ರಿಫ್ಲೆಕ್ಸ್ ಬೆನ್ನುಹುರಿಯಲ್ಲಿ ಒಂದೇ ಒಂದು ಸಿನಾಪ್ಸ್ ದಾಟುವ ಅತ್ಯಂತ ಸರಳ ಸುತ್ತು. ತಟ್ಟಿದ ಕೆಲವೇ ಹತ್ತು ಮಿಲಿಸೆಕೆಂಡುಗಳಲ್ಲಿ ತೊಡೆಯ ಸ್ನಾಯು ಎದ್ದಿರುತ್ತದೆ. ಅಂತಹ ಸುತ್ತೂ ಮೇಲಿನವರ ಮಾತು ಕೇಳುತ್ತದೆ.

ಹಾಗಾಗಿ ಚಲನೆಯ ವಿಷಯದಲ್ಲಿ ಮಿದುಳನ್ನು ಬರಿಯ ಆಜ್ಞೆ ಕೊಡುವ ಅಂಗವೆಂದು ತಿಳಿಯುವುದು ಅಪೂರ್ಣ ತಿಳಿವಳಿಕೆ ಎಂದು ನನ್ನ ಅಭಿಪ್ರಾಯ. ಅದರ ಕೆಲಸದ ದೊಡ್ಡ ಪಾಲು ತಡೆಯುವುದು. ಬೆನ್ನುಹುರಿಯಲ್ಲಿ ಸಿದ್ಧವಾಗಿರುವ ಚಲನೆಗಳಲ್ಲಿ ಯಾವುದನ್ನು, ಯಾವಾಗ, ಎಷ್ಟು ಬಿಡಬೇಕು ಎಂಬುದನ್ನು ಅದು ಆರಿಸುತ್ತದೆ.

ಪ್ರತಿಕ್ರಿಯೆ: ಹಳೆಯ ಓದುಗ

ಚರ್ಚೆ ಸ್ವಾರಸ್ಯವಾಗಿದೆ. ಬೋಧಕರು ಬೆನ್ನುಹುರಿಯ ನರಕೋಶಗಳು "ನಿರ್ಧರಿಸುತ್ತವೆ" ಎಂದು ಬರೆದಿದ್ದಾರೆ. ಹಾಗಾದರೆ ಅದಕ್ಕೆ ಒಂದು ಬಗೆಯ ಅರಿವು ಇದೆ ಎನ್ನಬೇಕಾಗುವುದಿಲ್ಲವೇ? ಜರ್ಮನಿಯ ಎಡ್ವರ್ಡ್ ಫ್ಲೂಗರ್ 1853ರಲ್ಲಿ ಇದನ್ನೇ ವಾದಿಸಿದ್ದರು. ತಲೆ ಕಡಿದ ಕಪ್ಪೆಯ ಪಕ್ಕೆಗೆ ಆಮ್ಲ ತಗುಲಿಸಿದರೆ ಅದೇ ಬದಿಯ ಹಿಂಗಾಲು ಬಂದು ಒರೆಸುತ್ತದೆ. ಆ ಕಾಲಿಗೆ ಒರೆಸಲಾಗದಂತೆ ಮಾಡಿದರೆ ಕೆಲವು ವಿಫಲ ಯತ್ನಗಳ ನಂತರ ಇನ್ನೊಂದು ಕಾಲು ಆ ಕೆಲಸಕ್ಕೆ ಬರುತ್ತದೆ. ಒಂದು ಉಪಾಯ ಫಲಿಸದಿದ್ದಾಗ ಇನ್ನೊಂದನ್ನು ಹುಡುಕುವುದು ಬರಿಯ ಯಂತ್ರದ ಲಕ್ಷಣವಲ್ಲ ಎಂಬುದು ಅವರ ತರ್ಕವಾಗಿತ್ತು. ಬೋಧಕರು ಇದಕ್ಕೆ ಏನು ಹೇಳುತ್ತಾರೆ?

ಉತ್ತರ: ಶರೀರಕ್ರಿಯಾ ಬೋಧಕ

ಫ್ಲೂಗರ್ ಅವರ ಪ್ರಯೋಗ ನಿಜ, ತೀರ್ಮಾನ ನಿಲ್ಲಲಿಲ್ಲ. ತತ್ತ್ವಜ್ಞ ಹೆರ್ಮನ್ ಲೋಟ್ಸೆ ಆಗಲೇ ಅದನ್ನು ಒಪ್ಪಿರಲಿಲ್ಲ. 1869ರಲ್ಲಿ ಫ್ರೀಡ್ರಿಖ್ ಗೋಲ್ಟ್ಸ್ ನಡೆಸಿದ ಪ್ರಯೋಗ ಈ ವಿಷಯದಲ್ಲಿ ನನಗೆ ಹೆಚ್ಚು ಮನವರಿಕೆ ಮಾಡುತ್ತದೆ. ಅವರು ನೀರನ್ನು ನಿಧಾನವಾಗಿ ಬಿಸಿ ಮಾಡುತ್ತಾ ಹೋದಾಗ ಮಿದುಳಿದ್ದ ಕಪ್ಪೆ ತಪ್ಪಿಸಿಕೊಳ್ಳಲು ಚಡಪಡಿಸಿತು. ಮಿದುಳು ತೆಗೆದ ಕಪ್ಪೆ ಸಾಯುವವರೆಗೂ ಅಲ್ಲಿಯೇ ಕುಳಿತಿತ್ತು. ಆಮ್ಲದ ಹನಿಗೆ ಅಷ್ಟು ಜಾಣತನದಿಂದ ಪ್ರತಿಕ್ರಿಯಿಸಬಲ್ಲ ಬೆನ್ನುಹುರಿಗೆ, ಇಡೀ ದೇಹಕ್ಕೆ ಬಂದ ಅಪಾಯ ಅಪಾಯವಾಗಿ ಕಾಣಲಿಲ್ಲ. "ನಿರ್ಧರಿಸುತ್ತವೆ" ಎಂದು ನಾನು ಬರೆದದ್ದು ಬರುವ ಸಂಕೇತಗಳ ಮೊತ್ತ ಒಂದು ಮಿತಿಯನ್ನು ದಾಟಿದರೆ ಮುಂದಕ್ಕೆ ಕಳುಹಿಸುತ್ತವೆ ಎಂಬ ಅರ್ಥದಲ್ಲಿ ಮಾತ್ರ.

ಆದರೂ ಬೆನ್ನುಹುರಿಯಲ್ಲಿ ರಿಫ್ಲೆಕ್ಸ್‌ಗಿಂತ ಹೆಚ್ಚಿನದೊಂದು ಇದೆ. 1911ರಲ್ಲಿ ಥಾಮಸ್ ಗ್ರಹಾಂ ಬ್ರೌನ್ ಅವರು ಬೆಕ್ಕಿನ ಬೆನ್ನುಹುರಿಯನ್ನು ಮಿದುಳಿನಿಂದ ಬೇರ್ಪಡಿಸಿದ್ದಲ್ಲದೆ, ಕಾಲುಗಳಿಂದ ಬರುವ ಸಂವೇದನೆಯ ಬೇರುಗಳನ್ನೂ ಕತ್ತರಿಸಿದ್ದರು. ಆದರೂ ಹಿಂಗಾಲಿನ ಸ್ನಾಯುಗಳು ನಡಿಗೆಯ ಲಯದಲ್ಲಿ ಒಂದಾದ ಮೇಲೊಂದು ಬಿಗಿದು ಸಡಿಲಗೊಂಡವು. ನಡಿಗೆಯ ಲಯವನ್ನು ಹೊರಗಿನ ಪ್ರಚೋದನೆಯಿಲ್ಲದೆ ಹುಟ್ಟಿಸುವ ನರಕೋಶಗಳ ಜಾಲ ಬೆನ್ನುಹುರಿಯಲ್ಲಿಯೇ ಇದೆ ಎಂಬುದು ಅದರಿಂದ ತಿಳಿಯಿತು. ಮನುಷ್ಯರಲ್ಲಿ ಈ ಜಾಲ ಮಿದುಳಿನ ಮೇಲೆ ಹೆಚ್ಚು ಅವಲಂಬಿಸಿದೆ. ಆದರೆ ಸಂಪೂರ್ಣ ಹಾನಿಯಾದವರ ಸೊಂಟದ ಖಂಡಗಳಿಗೆ ಎಡೆಬಿಡದ ವಿದ್ಯುತ್ ಪ್ರಚೋದನೆ ನೀಡಿದಾಗ ಕಾಲುಗಳಲ್ಲಿ ನಡಿಗೆಯಂತಹ ಲಯ ಹುಟ್ಟುವುದನ್ನು 1998ರಲ್ಲಿ ಡಿಮಿತ್ರಿಯೇವಿಚ್ ಮತ್ತು ಸಂಗಡಿಗರು ವರದಿ ಮಾಡಿದ್ದಾರೆ. ಬೆನ್ನುಹುರಿಯ ಪ್ರಚೋದಕ ಸಾಧನಗಳ ಮೇಲೆ ಇಂದು ನಡೆಯುತ್ತಿರುವ ಸಂಶೋಧನೆಯ ಬೇರು ಇಲ್ಲಿದೆ.

ಉತ್ತರ: ನರಕೋಶ ಸಂಶೋಧಕಿ

ಎರಡನೆಯ ಪ್ರಶ್ನೆಗೆ ನನ್ನ ಉತ್ತರ. ನಿಮ್ಮ ಸ್ನೇಹಿತರ ಮಣಿಕಟ್ಟಿನ ನರದಲ್ಲಿ ಹರಿದದ್ದು ನರಕೋಶಗಳಲ್ಲ, ಅವುಗಳ ಆಕ್ಸಾನ್‌ಗಳು, ಅಂದರೆ ಸಂಕೇತ ಒಯ್ಯುವ ಉದ್ದನೆಯ ತಂತುಗಳು. ಆ ನರಕೋಶಗಳ ಕಾಯ ಬಹಳ ದೂರದಲ್ಲಿ, ಬೆನ್ನುಹುರಿಯೊಳಗೆ ಅಥವಾ ಅದರ ಪಕ್ಕದ ಗಂಟುಗಳಲ್ಲಿ ಸುರಕ್ಷಿತವಾಗಿ ಇದ್ದವು. ಆಕ್ಸಾನ್ ಎಂದರೆ ಎಷ್ಟು ಉದ್ದವಿರಬಹುದು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕಾಲಿನ ಹೆಬ್ಬೆರಳಿನ ಸ್ಪರ್ಶವನ್ನು ಒಯ್ಯುವ ಒಂದೇ ಜೀವಕೋಶದ ತಂತು ಹೆಬ್ಬೆರಳಿನಿಂದ ಹೊರಟು, ಬೆನ್ನುಹುರಿಯ ಹಿಂಭಾಗದಲ್ಲಿ ಎಲ್ಲಿಯೂ ನಿಲ್ಲದೆ ಏರಿ, ಮಿದುಳುಕಾಂಡದ ಕೆಳತುದಿಯಾದ ಮೆಡುಲ್ಲಾ ತಲುಪುತ್ತದೆ. ಎತ್ತರದ ವ್ಯಕ್ತಿಯಲ್ಲಿ ಅದು ಒಂದೂವರೆ ಮೀಟರ್ ಆಗಬಹುದು.

ಕೈಕಾಲುಗಳ ನರದಲ್ಲಿ ಆಕ್ಸಾನ್ ಹರಿದಾಗ, ಅದಕ್ಕೆ ಮೈಲಿನ್ ಹೊದಿಸುವ ಶ್ವಾನ್ ಕೋಶಗಳು ತಮ್ಮ ಸ್ವರೂಪವನ್ನೇ ಬದಲಿಸಿಕೊಳ್ಳುತ್ತವೆ. ಹಳೆಯ ಮೈಲಿನ್‌ನ ಚೂರುಗಳನ್ನು ಬೇಗ ತೆರವು ಮಾಡಲು ನೆರವಾಗುತ್ತವೆ, ಬೆಳವಣಿಗೆಗೆ ಬೇಕಾದ ಪ್ರೋಟೀನ್‌ಗಳನ್ನು ಸ್ರವಿಸುತ್ತವೆ, ಸಾಲಾಗಿ ನಿಂತು ಹೊಸ ಆಕ್ಸಾನ್‌ಗೆ ದಾರಿ ತೋರಿಸುತ್ತವೆ. ಆಕ್ಸಾನ್ ದಿನಕ್ಕೆ ಸುಮಾರು 1 ಮಿ.ಮೀ.ನಂತೆ ಮುಂದೆ ಸಾಗುತ್ತದೆ. ಮಣಿಕಟ್ಟಿನಿಂದ ಬೆರಳ ತುದಿಗೆ ತಿಂಗಳುಗಳು ಹಿಡಿದದ್ದು ಈ ವೇಗದಿಂದ. ತೋಳಿನ ಬುಡದಲ್ಲಿ ನರ ತುಂಡಾದವರಿಗೆ ಅದೃಷ್ಟ ಇಷ್ಟು ಚೆನ್ನಾಗಿರುವುದಿಲ್ಲ. ಆಕ್ಸಾನ್ ಅಂಗೈಗೆ ತಲುಪುವಷ್ಟರಲ್ಲಿ ಅಲ್ಲಿನ ಸ್ನಾಯು ಸೊರಗಿರುತ್ತದೆ.

ಮಿದುಳು ಮತ್ತು ಬೆನ್ನುಹುರಿಯಲ್ಲಿ ಮೈಲಿನ್ ಹೊದಿಸುವ ಕೋಶಗಳೇ ಬೇರೆ. ಆಲಿಗೋಡೆಂಡ್ರೋಸೈಟ್ ಎಂಬ ಈ ಕೋಶಗಳ ಮೈಲಿನ್‌ನಲ್ಲಿ ಆಕ್ಸಾನ್‌ನ ಬೆಳವಣಿಗೆಯನ್ನು ತಡೆಯುವ ಪ್ರೋಟೀನ್‌ಗಳಿವೆ. ಅವುಗಳಲ್ಲಿ ಪ್ರಸಿದ್ಧವಾದುದು ನೋಗೋ. ಪೆಟ್ಟಾದ ನಂತರ ಆ ಮೈಲಿನ್‌ನ ಚೂರುಗಳು ಬಹಳ ಕಾಲ ಅಲ್ಲಿಯೇ ಬಿದ್ದಿರುತ್ತವೆ. ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್ ಎಂಬ ಕೋಶಗಳು ಸೇರಿ ಗಾಯದ ಸುತ್ತ ಒಂದು ಕಲೆಯನ್ನು ಕಟ್ಟುತ್ತವೆ. ಆ ಕಲೆ ಕೆಟ್ಟದ್ದೇ ಎಂದು ಹಿಂದೆ ಬರೆಯುತ್ತಿದ್ದರು; ಅದು ಉರಿಯೂತವನ್ನು ಹರಡದಂತೆ ಸುತ್ತುವರಿದು ಉಳಿದ ಅಂಗಾಂಶವನ್ನು ಕಾಪಾಡುತ್ತದೆ ಎಂಬುದು ಆಮೇಲೆ ತಿಳಿದುಬಂತು. ಇವೆಲ್ಲದರ ಜೊತೆಗೆ ವಯಸ್ಕ ಮಿದುಳಿನ ನರಕೋಶಗಳಿಗೆ ಬೆಳೆಯುವ ಒಳಶಕ್ತಿಯೂ ಕಡಿಮೆ.

ತಪ್ಪು ನರಕೋಶದ್ದೋ ಅದರ ಪರಿಸರದ್ದೋ ಎಂಬುದನ್ನು ಬೇರ್ಪಡಿಸಿ ತೋರಿಸಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. 1981ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೋ ಅವರು ಇಲಿಯ ಕಾಲಿನ ನರದ ತುಂಡೊಂದನ್ನು ತೆಗೆದು, ಅದರ ಒಂದು ತುದಿಯನ್ನು ಮೆಡುಲ್ಲಾದಲ್ಲೂ ಇನ್ನೊಂದು ತುದಿಯನ್ನು ಬೆನ್ನುಹುರಿಯಲ್ಲೂ ನೆಟ್ಟರು. ಬೆಳೆಯುವುದೇ ಇಲ್ಲ ಎಂದುಕೊಂಡಿದ್ದ ಬೆನ್ನುಹುರಿಯ ಆಕ್ಸಾನ್‌ಗಳು ಆ ನರದೊಳಗೆ ಸೆಂಟಿಮೀಟರ್‌ಗಟ್ಟಲೆ ಬೆಳೆದವು. ಆದರೆ ನರದ ಇನ್ನೊಂದು ತುದಿಯಿಂದ ಮತ್ತೆ ಬೆನ್ನುಹುರಿಯನ್ನು ಹೊಕ್ಕ ಕೂಡಲೇ, ಸ್ವಲ್ಪ ದೂರದಲ್ಲೇ ನಿಂತುಬಿಟ್ಟವು.

ಇನ್ನೊಂದು ಪ್ರಾಯೋಗಿಕ ತೊಡಕಿದೆ. ಮಣಿಕಟ್ಟಿನ ನರವನ್ನು ಹೊಲಿಯಬಹುದು, ಏಕೆಂದರೆ ಅದರ ಸುತ್ತ ಗಟ್ಟಿಯಾದ ಹೊದಿಕೆಗಳಿವೆ ಮತ್ತು ಗಾಜಿನ ಗಾಯ ನೇರವಾಗಿರುತ್ತದೆ. ಬೆನ್ನುಹುರಿ ಬಹಳ ಮೃದು, ಅದೂ ಅಲ್ಲದೆ ಅದು ಸಾಮಾನ್ಯವಾಗಿ ಕತ್ತರಿಸಿ ಹೋಗುವುದಿಲ್ಲ, ಜಜ್ಜಿ ಹೋಗುತ್ತದೆ. ಮೊದಲ ಪೆಟ್ಟಿಗೆ ಆದ ಹಾನಿ ನಂತರದ ಬಾವು, ರಕ್ತಸಂಚಾರದ ಕೊರತೆಗಳಿಂದ ಗಂಟೆಗಳು, ದಿನಗಳವರೆಗೆ ಹಬ್ಬುತ್ತದೆ. ಮೂಳೆಯ ಒತ್ತಡವನ್ನು ಶಸ್ತ್ರಕ್ರಿಯೆಯಿಂದ ಬೇಗ ತೆಗೆಯಲು ವೈದ್ಯರು ಅವಸರ ಮಾಡುವುದು ಈ ಎರಡನೆಯ ಹಾನಿಯನ್ನು ತಗ್ಗಿಸಲೆಂದು.

ಸೊಂಟದ 2ನೆಯ ಕಶೇರುವಿನ ಕೆಳಗೆ ಪೆಟ್ಟಾದವರ ಕತೆ ಬೇರೆ. ಬೋಧಕರು ಹೇಳಿದಂತೆ ಅಲ್ಲಿ ಬೆನ್ನುಹುರಿ ಮುಗಿದಿರುತ್ತದೆ, ಉಳಿದಿರುವುದು ಕೆಳಕ್ಕೆ ಇಳಿಯುವ ನರಬೇರುಗಳ ಗೊಂಚಲು. ಅಲ್ಲಿ ರಿಫ್ಲೆಕ್ಸ್‌ನ ಸುತ್ತೇ ಕಡಿಯುವುದರಿಂದ ಕಾಲು ಸಡಿಲವಾಗಿಯೇ ಉಳಿಯುತ್ತದೆ, ಸೆಳೆತ ಬರುವುದಿಲ್ಲ. ಆ ಬೇರುಗಳು ಶ್ವಾನ್ ಕೋಶಗಳ ಹೊದಿಕೆಯವು, ಆದ್ದರಿಂದ ಅವುಗಳಿಗೆ ಸ್ವಲ್ಪ ಮಟ್ಟಿಗೆ ಚೇತರಿಕೆಯ ಅವಕಾಶವಿದೆ.

ಪ್ರತಿಕ್ರಿಯೆ: ಕುತೂಹಲಿ

ಎಲ್ಲರಿಗೂ ಧನ್ಯವಾದಗಳು. ಒಂದು ಪ್ರಾಯೋಗಿಕ ಪ್ರಶ್ನೆ ಉಳಿದಿದೆ. ಮುಂದೆ ಎಂದಾದರೂ ಅವರ ಕಾಲು ಅಲುಗಿದರೆ, ಅದು ಅವರೇ ಅಲುಗಿಸಿದ್ದೋ ಬೆನ್ನುಹುರಿ ಅಲುಗಿಸಿದ್ದೋ ಎಂದು ಮನೆಯಲ್ಲಿ ನಾವು ತಿಳಿಯುವುದು ಹೇಗೆ?

ಉತ್ತರ: ಫಿಸಿಯೋ ಅಭ್ಯಾಸಿ

ಕಾಲನ್ನು ಮುಟ್ಟಬೇಡಿ, ಹೊದಿಕೆಯನ್ನೂ ಎಳೆಯಬೇಡಿ. ಚರ್ಮಕ್ಕೆ ಏನೇ ತಗುಲಿದರೂ ರಿಫ್ಲೆಕ್ಸ್ ಏಳಬಹುದು. ಅವರು ಆರಾಮವಾಗಿ ಮಲಗಿದ್ದು ಸೆಳೆತ ನಿಂತಿರುವಾಗ, ಒಂದೇ ಒಂದು ಸಣ್ಣ ಚಲನೆಯನ್ನು ಹೇಳಿ ಮಾಡಿಸಿ: ಉದಾಹರಣೆಗೆ ಬಲಗಾಲಿನ ಹೆಬ್ಬೆರಳನ್ನು ಮಾತ್ರ ಕೆಳಕ್ಕೆ ಬಗ್ಗಿಸಲು ಹೇಳಿ, ನಿಲ್ಲಿಸಲು ಹೇಳಿ, ಸ್ವಲ್ಪ ಬಿಟ್ಟು ಮತ್ತೆ ಬಗ್ಗಿಸಲು ಹೇಳಿ. ರಿಫ್ಲೆಕ್ಸ್ ಇಡೀ ಕಾಲನ್ನು ಒಟ್ಟಿಗೆ ಎಳೆಯುತ್ತದೆ ಮತ್ತು ನಿಮ್ಮ ಮಾತಿಗೆ ಶುರುವಾಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ಅವರದೇ ಚಲನೆಯಾದರೆ ಎಷ್ಟೇ ದುರ್ಬಲವಾಗಿದ್ದರೂ ಹೇಳಿದಾಗ ಬರುತ್ತದೆ, ಸಾಕೆಂದಾಗ ನಿಲ್ಲುತ್ತದೆ. ಕೆಲವೊಮ್ಮೆ ಬೆರಳು ಅಲುಗದಿದ್ದರೂ ಸ್ನಾಯುವಿನ ಮೇಲೆ ಮಿಡಿತ ಮಾತ್ರ ಕಾಣಿಸುತ್ತದೆ. ಅದನ್ನೂ ವಿಡಿಯೋ ಮಾಡಿಟ್ಟುಕೊಂಡು ವೈದ್ಯರಿಗೆ ತೋರಿಸಿ.